ಆಟದ ಧ್ವನಿಯನ್ನು ಸಾಲಿಗಿಡುವ ಸೂತ್ರಗಳು

ಮಕ್ಕಳು ಮೊಬೈಲಿನಲ್ಲಿಯೂ ಗಣಕದಲ್ಲಿಯೂ ಆಡುವ ಆಟಗಳನ್ನು ಮನೆಯ ಹಿರಿಯರು ಬಹುಮಟ್ಟಿಗೆ ಕಿವಿಯಿಂದಲೇ ಬಲ್ಲರು. ಪಡಸಾಲೆಯಲ್ಲಿ ಪತ್ರಿಕೆ ಓದುತ್ತ ಕುಳಿತಿರುವಾಗ ಒಳಕೋಣೆಯಿಂದ ಕುದುರೆಯ ಖುರಪುಟದ ಸದ್ದು ಕೇಳಿಬರುವುದು. ಅದರ ಹಿಂದೆಯೇ ಮಳೆ. ಮಳೆಯ ನಡುವೆ ಯಾರೋ ಒಬ್ಬರ ಕೂಗು. ಅನಂತರ, ಏನೋ ಅನರ್ಥವು ಸಮೀಪಿಸಿತೆಂಬಂತೆ ಭೇರಿಯ ಬಡಿತ. ಹುಡುಗನು ಶತ್ರುವಿನ ಕೈಯಿಂದ ತಪ್ಪಿಸಿಕೊಂಡನೆಂದರೆ ಆ ಭೇರಿಯು ಕತ್ತರಿಸಿದಂತೆ ನಿಂತುಬಿಡುವುದಿಲ್ಲ. ಹಿಡಿದ ಆವರ್ತವನ್ನು ಮುಗಿಸಿಕೊಂಡು, ಕೊಳಲಿಗೆ ಎಡೆಗೊಟ್ಟು ಹಿಂದೆ ಸರಿಯುವುದು. ಇದನ್ನು ಗಮನವಿಟ್ಟು ಕೇಳಿದವರಿಗೆ ಒಂದು ಪ್ರಶ್ನೆಯು ಹುಟ್ಟದೆ ಇರಲಾರದು. ಆ ಹುಡುಗನು ಯಾವ ಕ್ಷಣದಲ್ಲಿ ತಪ್ಪಿಸಿಕೊಳ್ಳುವನೆಂದು ವಾದ್ಯವನ್ನು ನುಡಿಸಿದವನಿಗೆ ಹೇಗೆ ಗೊತ್ತಾಯಿತು? ಅವನು ಅದನ್ನು ನುಡಿಸಿ ವರ್ಷವೇ ಕಳೆದಿರಬಹುದಷ್ಟೆ.

ಆಟಗಳಿಂದ ಮಕ್ಕಳಿಗೆ ಹಿತವೋ ಅಹಿತವೋ ಎಂಬ ವಾದವನ್ನು ನಾವು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಅದನ್ನು ಮಾಡತಕ್ಕವರು ಬೇಕಾದಷ್ಟು ಮಂದಿ ಇರುವರು. ಹಣವನ್ನು ಒಡ್ಡಿ ಆಡುವ ಜೂಜಿನಾಟಗಳನ್ನು 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾನೂನಿನಿಂದ ನಿಷೇಧಿಸಿತು. ನಾವು ಹೇಳಹೊರಟಿರುವುದು ಅವುಗಳ ಮಾತಲ್ಲ. ಕಥೆಯುಳ್ಳ, ಚಿತ್ರವುಳ್ಳ, ಧ್ವನಿಯುಳ್ಳ ಆಟಗಳ ಹಿಂದೆ ನಡೆಯುವ ಒಂದು ಕಸುಬಿನ ಮಾತು ಇದು. ನಮ್ಮ ಮನೆಗಳ ಹುಡುಗರೂ ಹುಡುಗಿಯರೂ ಈ ಕಸುಬಿಗೆ ಸೇರುತ್ತಿರುವರು. ‘ಏನು ಕೆಲಸ ಮಾಡುತ್ತೀಯಪ್ಪ?’ ಎಂದರೆ ಅವರು ಹೇಳುವ ಉತ್ತರವು ತಂದೆತಾಯಿಗಳಿಗೆ ತಿಳಿಯದೆ, ‘ಏನೋ ಕಂಪ್ಯೂಟರು’ ಎಂಬಲ್ಲಿಗೆ ಮಾತು ನಿಂತುಬಿಡುವುದು.

ಚಲನಚಿತ್ರದ ಧ್ವನಿಯನ್ನು ಮೊದಲು ನೆನೆಯೋಣ. ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನಾ’ ತೆರೆಗೆ ಬಂದುದು 1934ರಲ್ಲಿ. ಅಂದಿನಿಂದ ಇಂದಿನವರೆಗೆ ಚಿತ್ರದ ಧ್ವನಿಯ ರೀತಿ ಒಂದೇ: ಒಮ್ಮೆ ಸುರುಳಿಯ ಮೇಲೆ ಬಿದ್ದುದು ಬಿದ್ದಂತೆಯೇ. ನೋಡುವವನು ನಕ್ಕರೂ ಅತ್ತರೂ ಎದ್ದುಹೋದರೂ ಹಾಡು ಅದೇ ಕ್ಷಣಕ್ಕೆ ಮೊದಲಾಗಿ ಅದೇ ಕ್ಷಣಕ್ಕೆ ಮುಗಿಯುವುದು. ಯಕ್ಷಗಾನದ ರೀತಿ ಹಾಗಲ್ಲ. ಅಲ್ಲಿ ಭಾಗವತನು ವೇಷಧಾರಿಯ ಹೆಜ್ಜೆಯ ಮೇಲೆ ಕಣ್ಣಿಟ್ಟಿರುವನು. ವೇಷವು ಇನ್ನೂ ಕುಣಿಯಬೇಕೆಂದರೆ ಪದದ ಅದೇ ಸಾಲನ್ನು ಮತ್ತೆ ಮತ್ತೆ ಹಾಡಿ ಕಾಯುವನು. ಸಾಕೆಂಬ ಸನ್ನೆ ದೊರೆತೊಡನೆ ಚೆಂಡೆ ಮದ್ದಳೆಗಳವರು ಬಿಡ್ತಿಗೆ ಹಾಕಿ ಮುಕ್ತಾಯ ಮಾಡುವರು. ಆಮೇಲೆ ಮುಂದಿನ ಪದ. ಪದ್ಯವು ಮೊದಲೇ ರಚಿತವಾದುದೇ; ಆದರೆ ಎಷ್ಟು ಹೊತ್ತು, ಎಲ್ಲಿಂದ ಎಲ್ಲಿಗೆ ಎಂಬುದು ಆ ರಾತ್ರಿಯ ರಂಗದಲ್ಲಿ ನಿರ್ಣಯವಾಗತಕ್ಕದ್ದು. ಆಟದ ಧ್ವನಿಯೂ ಹೀಗೆಯೇ. ಆಡುವವನು ವೇಷಧಾರಿ, ಭಾಗವತನ ಸ್ಥಾನದಲ್ಲಿ ಒಂದು ಗಣಕಕ್ರಮವು ಕುಳಿತಿದೆ. ಈ ಹೋಲಿಕೆಯು ನಮ್ಮ ಕಲ್ಪನೆಯಲ್ಲ. ಈ ಕಸುಬಿನಲ್ಲಿಯೇ ಇರುವ ಉತ್ತರ ಕನ್ನಡದ ಹೆಣ್ಣುಮಗಳೊಬ್ಬಳು ನಮಗೆ ಹೇಳಿದುದು. ಅವಳ ವಿಷಯವು ಮುಂದೆ ಬರುವುದು.

ಈ ವಿದ್ಯೆಯು ಸಣ್ಣದರಿಂದ ಬೆಳೆಯಿತು. 1978ರಲ್ಲಿ ಜಪಾನಿನ ಟೈಟೊ ಸಂಸ್ಥೆಯ ನಿಶಿಕಾಡೊ ಎಂಬವರು ರಚಿಸಿದ ‘ಸ್ಪೇಸ್ ಇನ್‌ವೇಡರ್ಸ್’ ಎಂಬ ಆಟದಲ್ಲಿ ಸಂಗೀತವೆಂದರೆ ಇಳಿಮುಖವಾದ ನಾಲ್ಕೇ ಸ್ವರಗಳು. ಆದರೆ ಶತ್ರುಗಳ ಸಂಖ್ಯೆಯು ಕಡಮೆಯಾದಷ್ಟೂ ಆ ನಾಲ್ಕು ಸ್ವರಗಳ ಕಾಲವು ಏರುತ್ತ ಹೋಗಿ ಆಡುವವನ ಎದೆಯ ಬಡಿತವೂ ಏರುವುದು. 1991ರ ಹೊತ್ತಿಗೆ ಅಮೆರಿಕದ ಲ್ಯೂಕಾಸ್ ಆರ್ಟ್ಸ್ ಸಂಸ್ಥೆಯ ಸಂಗೀತಗಾರರಾದ ಮೈಕೇಲ್ ಲ್ಯಾಂಡ್ ಮತ್ತು ಪೀಟರ್ ಮೆಕ್‌ಕಾನೆಲ್ ಎಂಬವರು, ಕಥೆಯ ತಿರುವಿಗೆ ತಕ್ಕಂತೆ ಸಂಗೀತವು ತಾಳಗೆಡದೆ ಮಗ್ಗುಲು ಬದಲಾಯಿಸುವ ‘ಐಮ್ಯೂಸ್’ ಎಂಬ ಏರ್ಪಾಟನ್ನು ‘ಮಂಕಿ ಐಲೆಂಡ್’ ಸರಣಿಯ ಎರಡನೆಯ ಆಟದಲ್ಲಿ ಬಳಕೆಗೆ ತಂದರು. ಇಂದು ಆ ಕೆಲಸವನ್ನು ಮಾಡುವ ಸಿದ್ಧ ಸಾಧನಗಳಲ್ಲಿ ಎರಡು ಬಹಳ ಪ್ರಚಾರದಲ್ಲಿವೆ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಫೈರ್‌ಲೈಟ್ ಟೆಕ್ನಾಲಜೀಸ್ ಎಂಬವರ ‘ಎಫ್‌ಮಾಡ್ ಸ್ಟುಡಿಯೊ’ ಒಂದು. ಕೆನಡದ ಮಾಂಟ್ರಿಯಲ್ ನಗರದ ಆಡಿಯೊಕೈನೆಟಿಕ್ ಎಂಬವರ ‘ವೈಸ್’ ಮತ್ತೊಂದು. ಧ್ವನಿಯನ್ನು ಮುಂಚಿತವಾಗಿ ಹಿಡಿದು ಕತ್ತರಿಸಿ ಹದಮಾಡಿಕೊಳ್ಳಲು ಅನೇಕರು ‘ರೀಪರ್’ ಎಂಬ ಮೂರನೆಯದೊಂದನ್ನೂ ಇಟ್ಟುಕೊಳ್ಳುವರು.

ಆ ನಾಲ್ಕು ಸ್ವರಗಳ ಆಟವು ಹುಟ್ಟಿದ 1978ನೆಯ ಇಸವಿಯಲ್ಲಿಯೇ ಬೆಂಗಳೂರಿನ ದಕ್ಷಿಣಕ್ಕೆ, ಹೊಸೂರು ರಸ್ತೆಯಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಕಿಯೋನಿಕ್ಸ್ ಸಂಸ್ಥೆಯವರು ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದರು. ಅದು ಆ ಸಂಸ್ಥೆಯ ಅಧ್ಯಕ್ಷರಾಗಿದ್ದ ಆರ್. ಕೆ. ಬಾಳಿಗರ ಕನಸು; ಆಗ ಅದನ್ನು ಕೇಳಿ ನಕ್ಕವರು ಕಡಮೆಯಿರಲಾರರು. ಅಧ್ಯಯನ ಅಧ್ಯಾಪನಗಳಿಗೆಂದು ಕೊಟ್ಟ ಊರಿಗೆ ಅಗ್ರಹಾರವೆಂದು ಹೆಸರು. ಹೆಸರು ನಿಂತಿದೆ, ಅಧ್ಯಯನದ ವಿಷಯವು ಬದಲಾಗಿದೆ. 2025ರ ಆಗಸ್ಟ್ 10ರಂದು ಮೆಟ್ರೋ ರೈಲಿನ ಹಳದಿ ಮಾರ್ಗವು ಆರಂಭವಾದ ಮೇಲೆ ಜಯನಗರದ ಕಡೆಯಿಂದ ಅಲ್ಲಿಗೆ ಹೋಗುವುದು ನಮ್ಮಂಥವರಿಗೂ ಸಾಧ್ಯವಾಗಿದೆ. ನೀಲಾದ್ರಿ ರಸ್ತೆಯ ಹತ್ತಿರದ ಒಂದು ಮಹಡಿಯಲ್ಲಿ ಹತ್ತು ಹನ್ನೆರಡು ಜನರ ಒಂದು ಸಣ್ಣ ತಂಡದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕೆಲಸ ಮಾಡುತ್ತಿರುವನು. ಹೈಸ್ಕೂಲಿನಲ್ಲಿ ಶಬ್ದರೂಪಗಳನ್ನು ಬಾಯಿಪಾಠ ಮಾಡಲು ಅಷ್ಟು ಬೇಸರಪಡುತ್ತಿದ್ದ ಹುಡುಗನು ಇವನೇ. ‘ಬಂದು ನೋಡಿ ಮೇಷ್ಟ್ರೇ, ನಿಮ್ಮಿಂದ ಒಂದು ಕೆಲಸವೂ ಆಗಬೇಕಾಗಿದೆ’ ಎಂದು ಕರೆದನು. ಹೋಗಿ ಎರಡು ದಿನ ಕುಳಿತು ನೋಡಿದೆವು.

ಗಣಕದ ತೆರೆಯ ಮೇಲೆ ಎಡದಿಂದ ಬಲಕ್ಕೆ ಕಾಲವು ಹರಿಯುವುದು. ಇದಕ್ಕೆ ಟೈಮ್‌ಲೈನ್ ಎಂದು ಹೆಸರು, ಕಾಲರೇಖೆ ಎನ್ನಬಹುದು. ಅದರ ಕೆಳಗೆ ಒಂದರ ಕೆಳಗೊಂದು ಉದ್ದುದ್ದನೆಯ ಪಟ್ಟೆಗಳು, ಅವು ಟ್ರ್ಯಾಕುಗಳು. ನೇಗಿಲಿನ ಸಾಲುಗಳಂತೆ ಕಾಣುವುದರಿಂದ ನಾವು ಸಾಲೆಂದೇ ಕರೆಯುವೆವು. ಒಂದು ಸಾಲಿನಲ್ಲಿ ಪಾತ್ರಗಳ ಮಾತು, ಮತ್ತೊಂದರಲ್ಲಿ ಹೆಜ್ಜೆಯ ಸಪ್ಪಳ, ಇನ್ನೊಂದರಲ್ಲಿ ಗಾಳಿ ಮಳೆ ಕೀಟಗಳ ಪರಿಸರಧ್ವನಿ, ಮಗುದೊಂದರಲ್ಲಿ ವಾದ್ಯ. ಒಂದೊಂದು ಧ್ವನಿಯೂ ತನ್ನ ಸಾಲಿನಲ್ಲಿ ಇಷ್ಟರಿಂದ ಇಷ್ಟರವರೆಗೆ ಎಂದು ಬಣ್ಣದ ಇಟ್ಟಿಗೆಯಂತೆ ಕುಳಿತಿರುವುದು. ಒಂದು ಗೆರೆಯು ಎಡದಿಂದ ಬಲಕ್ಕೆ ಸರಿಯುತ್ತ ಯಾವ ಇಟ್ಟಿಗೆಯನ್ನು ಮುಟ್ಟಿದರೆ ಆ ಧ್ವನಿಯು ಕೇಳುವುದು. ಇಟ್ಟಿಗೆಯಿಂದ ಆಚೆಗೆ ದಾಟಿದರೆ ಅದು ನಿಲ್ಲುವುದು. ಸಾಲುಗಳ ಮೇಲ್ಗಡೆ ಗುರುತುಗಳ ಒಂದು ಪಂಕ್ತಿಯುಂಟು. ‘ಇಲ್ಲಿಂದ ಇಲ್ಲಿಗೆ ತಿರುಗುತ್ತಿರು’ ಎಂಬುದು ಒಂದು ಗುರುತು. ಭಾಗವತನು ಪದವನ್ನು ಮರಳಿ ಮರಳಿ ಹಾಡುವುದು ಇದೇ. ‘ಶತ್ರುವು ದೂರವಾಗಿದ್ದರೆ ಇಲ್ಲಿಂದ ಅಲ್ಲಿಗೆ ಜಿಗಿ, ಆದರೆ ಆವರ್ತವು ಮುಗಿದ ಮೇಲೆಯೇ ಜಿಗಿ’ ಎಂಬುದು ಇನ್ನೊಂದು. ನಿಮಿಷಕ್ಕೆ 120 ಎಣಿಕೆಯ ಕಾಲದಲ್ಲಿ ಎಂಟೆಣಿಕೆಯ ಒಂದು ಆವರ್ತವು 4 ಸೆಕೆಂಡು. ಆದಕಾರಣ ಹುಡುಗನು ತಪ್ಪಿಸಿಕೊಂಡ ಮೇಲೂ ಭೇರಿಯು ಹೆಚ್ಚೆಂದರೆ 4 ಸೆಕೆಂಡು ನುಡಿದು ಮಣಿಯುವುದು. ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಇದೇ ಉತ್ತರ: ವಾದ್ಯಗಾರನಿಗೆ ಏನೂ ಗೊತ್ತಿರಲಿಲ್ಲ, ಎಲ್ಲಿ ಕಾಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಮತ್ತೊಬ್ಬರು ಗುರುತು ಹಾಕಿಟ್ಟಿದ್ದರು.

ಇಂಥ ಸಾಲುಗಳ ಒಂದು ಕಟ್ಟಿಗೆ ಅವರು ಇವೆಂಟ್ ಎನ್ನುವರು. ಬಾಗಿಲು ತೆರೆಯುವುದು ಒಂದು ಇವೆಂಟ್, ರಾಜಸಭೆಯ ಸಂವಾದವು ಒಂದು, ಕಾಡಿನ ರಾತ್ರಿಯು ಒಂದು. ಸಾಧಾರಣವಾದ ಒಂದು ಆಟಕ್ಕೂ ಇಂಥವು ನೂರಾರು ಬೇಕಾಗುವುವು.

ಇಲ್ಲಿಗೆ ಕಲೆಯು ಮುಗಿದು ಕೂಲಿಯು ಆರಂಭವಾಗುವುದು. ಒಂದು ಆಟದಲ್ಲಿ 300 ಇವೆಂಟುಗಳು, ಒಂದೊಂದರಲ್ಲಿ 4 ಸಾಲುಗಳು ಎಂದು ಇಟ್ಟುಕೊಳ್ಳೋಣ. ಸಾಲಿಗೆ ಹೆಸರಿಡುವುದು, ಬಣ್ಣ ಕೊಡುವುದು, ಧ್ವನಿಯನ್ನು ಎಳೆದು ತಂದು ಕೂಡಿಸುವುದು, ಉದ್ದವನ್ನು ಸರಿಮಾಡುವುದು: ಇಷ್ಟಕ್ಕೆ ಕೈಚುರುಕಿನವನಿಗೂ ಸಾಲೊಂದಕ್ಕೆ ಅರ್ಧ ನಿಮಿಷವಾದರೂ ಬೇಕು. 1,200 ಸಾಲುಗಳಿಗೆ 600 ನಿಮಿಷ, ಎಂದರೆ 10 ಗಂಟೆ. ಇದು ಒಂದು ಸಲಕ್ಕೆ. ಕಥೆ ಬರೆದವರು ಮಾತನ್ನು ತಿದ್ದಿದರೆ ಮತ್ತೆ 10 ಗಂಟೆ. ಚಿತ್ರದವರು ದೃಶ್ಯವನ್ನು ಅರ್ಧ ಸೆಕೆಂಡು ಹಿಗ್ಗಿಸಿದರೆ ಮತ್ತೆ 10 ಗಂಟೆ. ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಕುಳಿತು ಅಂಕಗಳನ್ನು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ನಕಲು ಮಾಡಿದ ನಮ್ಮಂಥ ಉಪಾಧ್ಯಾಯರಿಗೆ ಈ ಕೆಲಸದ ಸ್ವರೂಪವನ್ನು ವಿವರಿಸಿ ಹೇಳಬೇಕಾಗಿಲ್ಲ. ತಪ್ಪು ಬರುವುದು ಬುದ್ಧಿಯ ಕೊರತೆಯಿಂದಲ್ಲ. ಮುನ್ನೂರನೆಯ ಸಲವೂ ಅದನ್ನೇ ಮಾಡುವಾಗ ಬುದ್ಧಿಯು ಬೇರೆಡೆಗೆ ಹೋಗಿರುವುದರಿಂದ.

ಈ ಕೂಲಿಯನ್ನು ಗಣಕಕ್ಕೇ ವಹಿಸುವ ಉಪಾಯಕ್ಕೆ ಸ್ಕ್ರಿಪ್ಟ್ ಎಂದು ಹೆಸರು. ಎಫ್‌ಮಾಡ್ ಸ್ಟುಡಿಯೊದಲ್ಲಿ ಇದನ್ನು ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆಯುವರು. 1995ರಲ್ಲಿ ಬ್ರೆಂಡನ್ ಐಕ್ ಎಂಬವರು ಸುಮಾರು ಹತ್ತೇ ದಿನಗಳಲ್ಲಿ ಇದರ ಮೊದಲ ರೂಪವನ್ನು ಕಟ್ಟಿದರೆಂದು ಪ್ರಸಿದ್ಧಿ. ರೀಪರಿನಲ್ಲಿಯಾದರೆ ಹಲವರು ಬಳಸುವುದು ಲುವಾ ಎಂಬ ಭಾಷೆ. ಅದು 1993ರಲ್ಲಿ ಬ್ರೆಜಿಲ್ ದೇಶದಲ್ಲಿ ಹುಟ್ಟಿತು, ಪೋರ್ಚುಗೀಸಿನಲ್ಲಿ ಆ ಶಬ್ದಕ್ಕೆ ಚಂದ್ರನೆಂದು ಅರ್ಥ. ಬರೆದ ಸ್ಕ್ರಿಪ್ಟನ್ನು ಅದಕ್ಕಾಗಿ ನೇಮಿಸಿದ ಕಡತದ ಚೀಲದಲ್ಲಿ ಇಟ್ಟರೆ, ಅದು ತಂತ್ರಾಂಶದ ಪಟ್ಟಿಯಲ್ಲಿ ಒಂದು ಹೊಸ ಆಜ್ಞೆಯಾಗಿ ಕಾಣಿಸಿಕೊಳ್ಳುವುದು. ತಯಾರಕರು ಊಹಿಸದಿದ್ದ ಕೆಲಸವನ್ನು ಬಳಸುವವನೇ ಹೀಗೆ ಸೇರಿಸಿಕೊಳ್ಳಬಹುದು. ನಮ್ಮ ಹುಡುಗನು ಬರೆದುದನ್ನು ನಾವು ಕನ್ನಡದಲ್ಲಿ ಹೇಳಿಸಿಕೊಂಡೆವು. ಅದರ ತಾತ್ಪರ್ಯವು ಹೀಗೆ: ಆಯ್ದುಕೊಂಡ ಇವೆಂಟುಗಳನ್ನೆಲ್ಲ ತೆಗೆದುಕೊ. ಒಂದೊಂದರಲ್ಲಿಯೂ ಮಾತು, ಹೆಜ್ಜೆ, ಪರಿಸರ, ವಾದ್ಯ ಎಂಬ ನಾಲ್ಕು ಸಾಲುಗಳು ಇವೆಯೇ ನೋಡು. ಇಲ್ಲದುದನ್ನು ಸೇರಿಸು, ಇರುವುದನ್ನು ಮುಟ್ಟಬೇಡ. ಹೊಸ ಧ್ವನಿಯನ್ನು ಅದರ ಹೆಸರಿನಿಂದ ಗುರುತಿಸಿ ಅದರದರ ಸಾಲಿನಲ್ಲಿ ಕೂಡಿಸು. ಎಲ್ಲಿಯೂ ಹೊಂದದೆ ಉಳಿದುದರ ಹೆಸರನ್ನು ಬರೆದು ತೋರಿಸು.

ಕೇಳುತ್ತ ಕೇಳುತ್ತ ನಮಗೆ ನಗು ಬಂದಿತು. ‘ಆಯ್ದುಕೊಂಡ ಪ್ರತಿಯೊಂದಕ್ಕೂ’ ಎಂದು ಮೊದಲಲ್ಲಿ ಒಮ್ಮೆ ಹೇಳಿಬಿಟ್ಟರೆ ಮುಂದಿನ ಆಜ್ಞೆಗಳಲ್ಲಿ ಅದನ್ನು ಪುನಃ ಹೇಳಬೇಕಾಗಿಲ್ಲ. ಆವರಣ ಚಿಹ್ನೆಯು ಮುಚ್ಚುವವರೆಗೂ ಅದು ಹರಿದುಬರುವುದು. ವೈಯಾಕರಣರು ಅಧಿಕಾರವೆಂದೂ ಅನುವೃತ್ತಿಯೆಂದೂ ಹೇಳುವುದು ಇದನ್ನೇ ಅಲ್ಲವೆ? ಹೆಚ್ಚು ಕಡಮೆ ನಾಲ್ಕು ಸಾವಿರ ಸೂತ್ರಗಳಲ್ಲಿ ಒಂದು ಭಾಷೆಯನ್ನೇ ಹಿಡಿದಿಟ್ಟ ಪಾಣಿನಿಯ ಮಿತವ್ಯಯಕ್ಕೆ ಈ ಉಪಾಯವೇ ಆಧಾರ. ‘ಸಾಮಾನ್ಯವಾಗಿ ಹೀಗೆ, ಆದರೆ ಇಂಥಲ್ಲಿ ಹಾಗೆ’ ಎಂಬ ಉತ್ಸರ್ಗ ಅಪವಾದಗಳೂ ಆ ಸ್ಕ್ರಿಪ್ಟಿನಲ್ಲಿ ಇದ್ದುವು. ಪಾಣಿನಿಯು ಗಣಕವನ್ನು ಕಂಡಿದ್ದನೆಂದು ಘೋಷಿಸುವವರ ಗುಂಪಿಗೆ ನಾವು ಸೇರಿದವರಲ್ಲ, ಸೇರುವವರೂ ಅಲ್ಲ. ಕೆಲಸವು ಒಂದೇ ಬಗೆಯದಾದಾಗ ಉಪಾಯವೂ ಒಂದೇ ಬಗೆಯದಾಗುವುದು, ಅಷ್ಟೆ. ಆದರೆ ಅಂದು ಶಬ್ದರೂಪಕ್ಕೆ ಬೇಸರಪಟ್ಟವನು ಇಂದು ಸೂತ್ರಕಾರನಾಗಿ ಕುಳಿತಿದ್ದುದನ್ನು ನೋಡಿ ಮೇಷ್ಟರಿಗೆ ಸಂತೋಷವಾಗಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಸೂತ್ರಕ್ಕೆ ಕಿವಿಯಿಲ್ಲ ಎಂಬುದನ್ನು ಮರೆಯಬಾರದು. ಹೇಳಿದುದನ್ನು ಮಾಡುವುದು, ಮನಸ್ಸಿನಲ್ಲಿದ್ದುದನ್ನಲ್ಲ. ಆ ತಂಡದಲ್ಲಿ ಹಿಂದೆ ಒಮ್ಮೆ ನಡೆದ ಸಂಗತಿಯನ್ನು ಅವರೇ ನಗುತ್ತ ಹೇಳಿದರು. ರಾಜಸಭೆಯ ಸಂವಾದದ ತುಣುಕುಗಳಿಗೆ ಮಾತು 1, ಮಾತು 2 ಎಂದು ಕ್ರಮವಾಗಿ ಹೆಸರಿಟ್ಟು, ಹೆಸರಿನ ಅನುಕ್ರಮದಲ್ಲಿ ಸಾಲಿನ ಮೇಲೆ ಜೋಡಿಸೆಂದು ಸ್ಕ್ರಿಪ್ಟಿಗೆ ಹೇಳಿದ್ದರು. ಗಣಕವು ಹೆಸರನ್ನು ಸಂಖ್ಯೆಯೆಂದು ಓದಲಿಲ್ಲ. ನಿಘಂಟಿನಲ್ಲಿ ಪದಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸುವಂತೆ ಹೋಲಿಸಿತು. ಹಾಗೆ ಹೋಲಿಸಿದರೆ 1 ಆದ ಮೇಲೆ ಬರತಕ್ಕದ್ದು 10. ಅನಂತರ 11, 12. 19 ಮುಗಿದ ಮೇಲೆಯೇ 2. ರಾಜನು ಪ್ರಶ್ನೆ ಕೇಳುವ ಮೊದಲೇ ದೂತನು ಉತ್ತರ ಹೇಳಿ ಹೋಗಿದ್ದನು. ಮಂತ್ರಿಯು ಯಾರೂ ಆಡದ ಮಾತಿಗೆ ಕೋಪಿಸಿಕೊಂಡಿದ್ದನು. ಮೊದಲ ಒಂಬತ್ತು ತುಣುಕುಗಳಷ್ಟೇ ಇದ್ದ ಸಣ್ಣ ಸಂವಾದಗಳೆಲ್ಲ ಸರಿಯಾಗಿದ್ದುದರಿಂದ ಒಂದು ವಾರದವರೆಗೆ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಕೈಯಿಂದ ಮಾಡಿದ್ದರೆ ಒಂದೆರಡು ಕಡೆ ತಪ್ಪು ಬೀಳುತ್ತಿತ್ತು. ಸೂತ್ರವು ತಪ್ಪಿದುದರಿಂದ ಎಲ್ಲ ಕಡೆಯೂ ಒಂದೇ ಸಮನಾಗಿ ಬಿದ್ದಿತು. ಈಗ ಅವರು 001, 002 ಎಂದು ಸೊನ್ನೆಗಳನ್ನು ಸೇರಿಸಿ ಬರೆಯುವರು. ಸ್ಕ್ರಿಪ್ಟನ್ನು ಓಡಿಸುವ ಮುನ್ನ ಇಡೀ ಕೆಲಸದ ಒಂದು ನಕಲನ್ನು ತೆಗೆದಿಡುವರು. ಮೊದಲು ಮೂರೇ ಇವೆಂಟುಗಳ ಮೇಲೆ ಪ್ರಯೋಗಿಸಿ ಕೇಳಿ ನೋಡುವರು.

ನಮ್ಮನ್ನು ಕರೆಸಿದ್ದ ಕಾರಣಕ್ಕೆ ಈಗ ಬರೋಣ. ಅವರ ಆಟದಲ್ಲಿ ಪಾತ್ರಗಳು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಮಾತನಾಡುತ್ತಿದ್ದುವು. ಕನ್ನಡದಲ್ಲಿಯೂ ಮಾತನಾಡಿಸಬೇಕೆಂಬುದು ನಮ್ಮ ಹುಡುಗನ ಮತ್ತು ಆ ಹೆಣ್ಣುಮಗಳ ಆಸೆ. ಯಜಮಾನರು ಒಲ್ಲೆನೆನ್ನಲಿಲ್ಲ, ‘ಎಷ್ಟು ದಿನ ಹಿಡಿಯುವುದು?’ ಎಂದಷ್ಟೇ ಕೇಳಿದರು. ಹಣವನ್ನು ತೊಡಗಿಸಿದವರು ಕೇಳತಕ್ಕ ಪ್ರಶ್ನೆಯೇ ಅದು. ಚಲನಚಿತ್ರಗಳ ಪರಭಾಷೆಯ ಮಾತಿಗೆ ಕನ್ನಡದ ಮಾತನ್ನು ಕೂಡಿಸಬೇಕೋ ಬೇಡವೋ ಎಂಬ ವಿವಾದವು ನಮ್ಮ ನಾಡಿನಲ್ಲಿ ದಶಕಗಳವರೆಗೆ ನಡೆದು, 2015ರಲ್ಲಿ ಸ್ಪರ್ಧಾ ಆಯೋಗದ ತೀರ್ಪಿನವರೆಗೂ ಹೋಯಿತು. ಆಟಗಳ ವಿಷಯದಲ್ಲಿ ಇಂಥ ತತ್ತ್ವವಿಚಾರಕ್ಕೆ ಎಡೆಯೇ ಇಲ್ಲ. ಕನ್ನಡವನ್ನು ಯಾರೂ ತಡೆಯುವುದಿಲ್ಲ. ಹದಿನೈದು ದಿನ ಹೆಚ್ಚು ಹಿಡಿಯುವುದೆಂದು ಪಟ್ಟಿಯಿಂದ ಸದ್ದಿಲ್ಲದೆ ಬಿಟ್ಟುಹೋಗುವುದು.

ಹಾಗಾದರೆ ಹೊಸ ಧ್ವನಿಯನ್ನು ಹಳೆಯದರ ಜಾಗದಲ್ಲಿ ಇಟ್ಟರೆ ಸಾಲದೆ? ಬಿಡಿ ಮಾತುಗಳಿಗೆ ಸಾಲುವುದು. ಎಫ್‌ಮಾಡಿನಲ್ಲಿ ಭಾಷೆಗೊಂದರಂತೆ ಮಾತಿನ ಕೋಷ್ಟಕವನ್ನು ಇಟ್ಟು, ಆಡುವವನು ಆರಿಸಿದ ಭಾಷೆಯ ಧ್ವನಿಯನ್ನೇ ತೆಗೆದುಕೊಡುವ ಏರ್ಪಾಟು ಮೊದಲೇ ಉಂಟು. ತೊಡಕಿರುವುದು ಕಥೆಯ ದೊಡ್ಡ ದೃಶ್ಯಗಳಲ್ಲಿ. ಅಲ್ಲಿ ಮಾತು, ವಾದ್ಯ, ಹೆಜ್ಜೆ ಎಲ್ಲವೂ ಒಂದೇ ಕಾಲರೇಖೆಯ ಮೇಲೆ ಒಂದಕ್ಕೊಂದು ಹೆಣೆದುಕೊಂಡಿರುವುವು. ಇಂಗ್ಲಿಷಿನ ವಾಕ್ಯಕ್ಕೆ 3 ಸೆಕೆಂಡಿನ ಇಟ್ಟಿಗೆಯನ್ನು ಕಡೆದಿದ್ದಾರೆ. ಅದರ ಕನ್ನಡವು 4 ಸೆಕೆಂಡು ಹಿಡಿಯುವುದು. ಗೆರೆಯು ಇಟ್ಟಿಗೆಯನ್ನು ದಾಟಿದೊಡನೆ ಮಾತು ನಿಲ್ಲುವುದೆಂದು ಹಿಂದೆ ಹೇಳಿದೆವಲ್ಲ. ಹಾಗಾಗಿ ಕನ್ನಡ ವಾಕ್ಯದ ಬಾಲವು ಕತ್ತರಿಸಿಹೋಗುವುದು. ದಾಟಿದ ಮೇಲೂ ನುಡಿಯುತ್ತಿರಲೆಂದು ಬಿಡುವ ಸೌಕರ್ಯವೂ ಉಂಟು. ಆಗ ಮೊದಲನೆಯವನ ಮಾತು ಮುಗಿಯುವ ಮೊದಲೇ ಎರಡನೆಯವನು ಬಾಯಿ ಹಾಕುವನು.

ಬಾಲವು ಕತ್ತರಿಸಿಹೋಗುವುದು ಬೇರೆ ಭಾಷೆಗಳಿಗೆ ಒಂದು ಕೊರತೆಯಾದರೆ ಕನ್ನಡಕ್ಕೆ ಅನರ್ಥ. ಇದನ್ನು ನಾವು ಕಿವಿಯಾರೆ ಕೇಳಿದೆವು. ದೃಶ್ಯದಲ್ಲಿ ಒಬ್ಬ ಮುದುಕಿಯು ಕೋಟೆಯ ಬಾಗಿಲಿನಲ್ಲಿ ನಿಂತ ಸವಾರನನ್ನು ತೋರಿಸಿ ಹುಡುಗನಿಗೆ ಎಚ್ಚರಿಕೆ ಕೊಡತಕ್ಕ ಮಾತು: ‘ಅವನು ನಮ್ಮವನಲ್ಲ.’ ಕೇಳಿಸಿದುದು ‘ಅವನು ನಮ್ಮವನ…’ ಎಂಬಷ್ಟೇ. ಆ ಮಾತನ್ನು ನಂಬಿ ಆಡುವ ಮಗುವು ನೇರವಾಗಿ ಶತ್ರುವಿನ ಬಳಿಗೆ ನಡೆಯುವುದು. ನಮ್ಮ ಭಾಷೆಯಲ್ಲಿ ಕ್ರಿಯೆಯೂ ಕೊನೆಗೆ, ನಿಷೇಧವೂ ಕೊನೆಗೆ. ಅಲ್ಲ, ಇಲ್ಲ, ಬೇಡ, ಬಾರದು, ಕೂಡದು ಇವೆಲ್ಲ ವಾಕ್ಯದ ತುದಿಯಲ್ಲಿಯೇ ಕುಳಿತಿರುವುವು. ಇಂಗ್ಲಿಷಿನಲ್ಲಿ ‘ಬೇಡ’ ಎನ್ನುವುದು ಬಹುಮಟ್ಟಿಗೆ ಮೊದಲಲ್ಲಿಯೇ ಬರುವುದರಿಂದ ಕೊನೆಯು ಹೋದರೂ ಅಪಾಯವು ತಿಳಿಯುವುದು. ಕನ್ನಡದಲ್ಲಿ ಕೊನೆಯ ಕಾಲು ಸೆಕೆಂಡು ಹೋದರೆ ನಿಷೇಧವೇ ಹಾರಿಹೋಗಿ ಅರ್ಥವು ತಿರುಗಿ ನಿಲ್ಲುವುದು. ಮೂವತ್ತು ವರ್ಷ ಪದಾನ್ವಯ ಮಾಡಿಸಿದ ನಮಗೂ ಇದರ ಬೆಲೆಯು ಇಷ್ಟು ಸ್ಪಷ್ಟವಾಗಿ ಎಂದೂ ಕಂಡಿರಲಿಲ್ಲ.

ಪರಿಹಾರವು ಕೇಳಲು ಸುಲಭ. ಕನ್ನಡದ ಒಂದೊಂದು ಧ್ವನಿಕಡತದ ಉದ್ದವನ್ನು ಅಳೆದು, ಇಟ್ಟಿಗೆಯನ್ನು ಅಷ್ಟಕ್ಕೆ ಹಿಗ್ಗಿಸಬೇಕು. ಹಿಗ್ಗಿದಷ್ಟನ್ನು ಅದರ ಬಲಕ್ಕಿರುವ ಎಲ್ಲವನ್ನೂ ಮುಂದಕ್ಕೆ ತಳ್ಳಬೇಕು. ಮೊದಲನೆಯ ವಾಕ್ಯವು 1 ಸೆಕೆಂಡು ಬೆಳೆದರೆ ಎರಡನೆಯದು 1 ಸೆಕೆಂಡು ಸರಿಯಬೇಕು. ಎರಡನೆಯದೂ ಅರ್ಧ ಸೆಕೆಂಡು ಬೆಳೆದರೆ ಮೂರನೆಯದು ಒಂದೂವರೆ ಸೆಕೆಂಡು. ಹೀಗೆ ಕೂಡುತ್ತ ಹೋಗುವ ಲೆಕ್ಕವನ್ನು ನಾಲ್ಕು ಸಾಲುಗಳಲ್ಲಿಯೂ ಮೇಲಿನ ಗುರುತುಗಳ ಪಂಕ್ತಿಯಲ್ಲಿಯೂ ಒಟ್ಟಿಗೆ ನಡೆಸಬೇಕು. ಗುರುತುಗಳನ್ನು ಮರೆತರೆ ಸಾವಿನ ಸುದ್ದಿಯನ್ನು ಹೇಳುವ ಮೊದಲೇ ಶೋಕದ ವಾದ್ಯವು ನುಡಿಯುವುದು. ಕೈಯಿಂದ ಮಾಡಹೊರಟರೆ ಯಜಮಾನರು ಹೆದರಿದ್ದ ಹದಿನೈದು ದಿನಗಳು ಇವೇ. ನಮ್ಮ ಹುಡುಗನು ರಾತ್ರಿಯ ವೇಳೆ ಮನೆಯಲ್ಲಿ ಕುಳಿತು ಇದಕ್ಕೊಂದು ಸ್ಕ್ರಿಪ್ಟನ್ನು ಬರೆದನು. ಅದು ಮೊದಲು ಉದ್ದಗಳನ್ನೆಲ್ಲ ಅಳೆದು ಪಟ್ಟಿ ಮಾಡುವುದು. ಚಿತ್ರಕ್ಕೆ ಬಿಗಿದು ಕಟ್ಟಿದ, ಸರಿಸಬಾರದ ಜಾಗಗಳನ್ನು ಬಿಟ್ಟು ಉಳಿದುದನ್ನು ಸರಿಸುವುದು. ಎಲ್ಲಿ ಸರಿಸಲು ಎಡೆಯಿಲ್ಲವೋ ಅಂಥ ವಾಕ್ಯಗಳನ್ನು ಬೇರೆಯಾಗಿ ಬರೆದು ಮನುಷ್ಯರಿಗೆ ಒಪ್ಪಿಸುವುದು. ಒಂದು ಮಧ್ಯಾಹ್ನದಲ್ಲಿ ಓಡಿಸಿ ಮುಗಿಸಿದರು. ಆಮೇಲೆ ಆ ಹೆಣ್ಣುಮಗಳು ಮೂರು ದಿನ ಕಿವಿಗೆ ಯಂತ್ರ ತೊಟ್ಟು ಎಲ್ಲವನ್ನೂ ಕೇಳಿದಳು. ಅವಳ ತಂದೆಯು ಮೇಳದಲ್ಲಿ ಮದ್ದಳೆ ಬಾರಿಸಿದವರಂತೆ. ತಾಳವು ಕೂದಲೆಳೆಯಷ್ಟು ತಪ್ಪಿದರೂ ಮುಖವನ್ನು ಕಿವುಚುವಳು. ಈ ಮೂರು ದಿನಗಳನ್ನು ಯಾವ ಸೂತ್ರವೂ ಉಳಿಸಿಕೊಡದು, ಉಳಿಸಲೂ ಬಾರದು ಎಂಬುದು ನಮ್ಮ ಮತ. ಯಜಮಾನರು ಕೇಳಿ, ಮೊದಲನೆಯ ಅಧ್ಯಾಯಕ್ಕೆ ಕನ್ನಡವಿರಲಿ, ಮುಂದಿನದನ್ನು ಆಮೇಲೆ ನೋಡೋಣ ಎಂದರು.

ಇದೆಲ್ಲವನ್ನೂ ಓದಿದ ಗೃಹಸ್ಥರು, ‘ಮಗಳು ಈ ಕೆಲಸಕ್ಕೆ ಸೇರುವೆನೆನ್ನುತ್ತಾಳೆ, ಹೊಟ್ಟೆಗೆ ಆಗುವುದೆ?’ ಎಂದು ಕೇಳಬಹುದು. ಬೆಂಗಳೂರಿನಲ್ಲಿ ಆಟಗಳ ಉದ್ಯಮವು ನಿನ್ನೆ ಮೊನ್ನೆಯದಲ್ಲ. ರಾಜೇಶ್ ರಾವ್ ಎಂಬವರು 1997ರಲ್ಲಿ ಇಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ದೇಶದ ಮೊದಲ ಆಟತಯಾರಕ ಸಂಸ್ಥೆಗಳಲ್ಲೊಂದು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಎಂಬ ಪ್ರಸಿದ್ಧ ವಿದೇಶಿ ಸಂಸ್ಥೆಯವರು ಕೊಂಡರು. ಆಟ ಮತ್ತು ಸಚೇತನ ಚಿತ್ರಗಳಿಗೆಂದು ಪ್ರತ್ಯೇಕ ನೀತಿಯನ್ನು ಕರ್ನಾಟಕ ಸರ್ಕಾರವು 2012ರಲ್ಲಿಯೇ ಪ್ರಕಟಿಸಿತು, 2024ರಲ್ಲಿ ಹೊಸದನ್ನು ತಂದಿತು. ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನ್ಯಾಯವಾಗದು. ಚಲನಚಿತ್ರ ಮತ್ತು ಆಟಗಳಿಗೆ ಚಿತ್ರ ಒದಗಿಸುತ್ತಿದ್ದ ಟೆಕ್ನಿಕಲರ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು 2025ರ ಆರಂಭದಲ್ಲಿ ಕುಸಿದು, ಬೆಂಗಳೂರಿನ ಅದರ ಕಚೇರಿಯೂ ಮುಚ್ಚಿತು. ಎಷ್ಟೋ ಸಂಸಾರಗಳು ಒಂದೇ ವಾರದಲ್ಲಿ ತತ್ತರಿಸಿದುವು. ಆದಕಾರಣ ಇದು ನಿಶ್ಚಿಂತೆಯ ಸರ್ಕಾರಿ ನೌಕರಿಯಂತಲ್ಲವೆಂದು ತಿಳಿದೇ ಸೇರಬೇಕು. ಒಂದು ಸಮಾಧಾನವೆಂದರೆ ಕಲಿಯಲು ದೊಡ್ಡ ಬಂಡವಾಳವು ಬೇಕಾಗಿಲ್ಲ. ಎಫ್‌ಮಾಡನ್ನು ಕಲಿಯುವವರೂ ಸಣ್ಣ ತಯಾರಕರೂ ಶುಲ್ಕವಿಲ್ಲದೆ ಬಳಸಬಹುದು. ಸ್ಕ್ರಿಪ್ಟಿನ ಕೈಪಿಡಿಯು ಅದರೊಂದಿಗೆ ಬರುವುದು. ಕೇವಲ ಧ್ವನಿಯನ್ನು ಬಲ್ಲವನಿಗಿಂತ ಧ್ವನಿಯನ್ನೂ ಬಲ್ಲ, ನಾಲ್ಕು ಸೂತ್ರಗಳನ್ನೂ ಬರೆಯಬಲ್ಲ ವ್ಯಕ್ತಿಗೆ ಹೆಚ್ಚು ಗಿರಾಕಿ ಎಂದು ನಮ್ಮ ಹುಡುಗನ ಮಾತು. ತಾಳಜ್ಞಾನಕ್ಕೆ ಸಂಗೀತದ ಪಾಠವೂ ಲೆಕ್ಕದ ಜ್ಞಾನಕ್ಕೆ ಗಣಿತವೂ ಸಾಕು. ಎರಡೂ ನಮ್ಮ ಮನೆಗಳಿಗೆ ಹೊಸವಲ್ಲ.

ಸ್ಕ್ರಿಪ್ಟು ಮನುಷ್ಯರಿಗೆ ಒಪ್ಪಿಸಿದ ವಾಕ್ಯಗಳು ಸುಮಾರು ನಲವತ್ತು ಉಳಿದಿದ್ದುವು. ಅವೇ ನಮ್ಮಿಂದ ಆಗಬೇಕಾಗಿದ್ದ ಕೆಲಸ. ಅವುಗಳಲ್ಲಿ ಹಲವಕ್ಕೆ ಉದ್ದವು ಭಾಷೆಯಿಂದ ಬಂದುದಲ್ಲ, ಅನುವಾದಿಸಿದವನಿಂದ ಬಂದುದು. ‘ಈ ಮಾರ್ಗದ ಮೂಲಕ ನಿನ್ನಿಂದ ಹೋಗಲ್ಪಡಬಾರದು’ ಎಂದು ಯಾವ ಮುದುಕಿಯು ಹೇಳಿಯಾಳು? ‘ಈ ದಾರಿ ಬೇಡ ಮಗು’ ಎಂದು ತಿದ್ದಿದೆವು. ‘ನಾನು ನಿನಗೆ ಸಹಾಯವನ್ನು ಮಾಡಲು ಇಲ್ಲಿಗೆ ಆಗಮಿಸಿರುತ್ತೇನೆ’ ಎಂಬುದು ‘ನಾನಿದ್ದೇನೆ’ ಎಂದಾಯಿತು. ಗ್ರಂಥಭಾಷೆಯನ್ನೇ ಬರೆದು ಬೆಳೆದ ನಮಗೆ ಈ ಕತ್ತರಿಯ ಕೆಲಸವು ಮೊದಮೊದಲು ಸಂಕಟವೇ ಆಯಿತು. ಹತ್ತು ವಾಕ್ಯಗಳಾದ ಮೇಲೆ ಕೈ ಹದಕ್ಕೆ ಬಂದಿತು. ಒಂದು ಕಡೆ ಮಾತ್ರ ಎಷ್ಟು ಇಳಿಸಿದರೂ ಹಿಡಿಸುತ್ತಿರಲಿಲ್ಲ. ಛಾವಣಿಯ ಕಲ್ಲು ಕಳಚಿ ಬೀಳುವ ಮುನ್ನ ಮುದುಕಿಯು ಕೂಗತಕ್ಕ ಮಾತು. ಚಿತ್ರಕ್ಕೆ ಬಿಗಿದುದರಿಂದ ಸರಿಸುವಂತಿಲ್ಲ. ಇದ್ದ ವಾಕ್ಯವು ‘ನೀನು ಅತ್ಯಂತ ಎಚ್ಚರಿಕೆಯಿಂದ ಇರತಕ್ಕದ್ದು’. ನಾವು ಅದನ್ನು ಹೊಡೆದುಹಾಕಿ ‘ಜೋಕೆ!’ ಎಂದು ಬರೆದುಕೊಟ್ಟೆವು. ಆ ಹೆಣ್ಣುಮಗಳು ಅದನ್ನು ತಾನೇ ಕೂಗಿ, ಧ್ವನಿ ಹಿಡಿದು, ತೆರೆಯ ಮೇಲೆ ಅಳೆದು ನೋಡಿ, ‘ಅರ್ಧ ಸೆಕೆಂಡೂ ಇಲ್ಲ ಮೇಷ್ಟ್ರೇ, ಕಲ್ಲು ಬೀಳುವುದಕ್ಕೆ ಇನ್ನೂ ಜಾಗವಿದೆ’ ಎಂದಳು.